ಕುಂಟೆ ಕೆರೆಯಾಗುವುದು ಯಾವಾಗ?

ನೆಲಮಂಗಲದ ಬಳಿ ಅರಿಶಿನಕುಂಟೆ ಎಂಬ ಊರಿದೆ. ಊರ ಹೆಸರುಗಳ ಕೊನೆಯಲ್ಲಿ ಬರುವ ‘ಕುಂಟೆ’ ಎಂಬ ಮಾತಿಗೆ ನೀರು ನಿಲ್ಲುವ ಚಿಕ್ಕ ತಾಣವೆಂದು ಅರ್ಥ. ಅದಕ್ಕಿಂತ ದೊಡ್ಡದು ಕೆರೆ. ಇಷ್ಟನ್ನು ಆರು ವರ್ಷದ ಮಗುವೂ ಬಲ್ಲದು. ಆದರೆ “ಎಷ್ಟು ದೊಡ್ಡದಾದರೆ ಕುಂಟೆ ಕೆರೆಯಾಗುತ್ತದೆ?” ಎಂದು ಆ ಮಗು ಕೇಳಿದರೆ ಏನೆಂದು ಹೇಳೋಣ?

ಒಂದು ಕುಂಟೆಯಿಂದ ದಿನಕ್ಕೊಂದು ಮಂಕರಿ ಮಣ್ಣನ್ನು ತೆಗೆಯುತ್ತ ಹೋದೆವೆನ್ನಿ. ಒಂದು ಮಂಕರಿ ಮಣ್ಣು ತೆಗೆದ ಮಾತ್ರಕ್ಕೆ ಕುಂಟೆ ಕೆರೆಯಾಗದು. ಮರುದಿನದ ಮಂಕರಿಗೂ ಇದೇ ಮಾತು ಸಲ್ಲುತ್ತದೆ. ಹೀಗೆ ತರ್ಕಿಸಿದರೆ ಸಾವಿರ ವರ್ಷ ಅಗೆದರೂ ಅದು ಕುಂಟೆಯಾಗಿಯೇ ಉಳಿಯಬೇಕು! ಕ್ರಿ. ಪೂ. 4ನೆಯ ಶತಮಾನದ ಗ್ರೀಕ್ ತಾರ್ಕಿಕ ಯೂಬುಲಿಡೀಸನದೆಂದು ಹೇಳುವ ಕಾಳಿನ ರಾಶಿಯ ಒಗಟೂ ಇಂಥದೇ: ಎಷ್ಟನೆಯ ಕಾಳಿಗೆ ರಾಶಿಯಾಯಿತು?

ಈ ತೊಡಕಿನಿಂದ ಪಾರಾಗುವ ಒಂದು ದಾರಿಯನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲೋಟ್ಫಿ ಜಾಡೆ (1921–2017) ತೋರಿಸಿದರು. ಸಾಮಾನ್ಯ ಗಣದಲ್ಲಿ ಒಂದು ವಸ್ತು ಒಳಗಿರಬೇಕು, ಇಲ್ಲವೆ ಹೊರಗಿರಬೇಕು. ಅದರ ಸದಸ್ಯತ್ವ 1 ಅಥವಾ 0. ಈ ಎರಡರ ನಡುವಣ ಸಂಖ್ಯೆಗಳನ್ನೂ ಸದಸ್ಯತ್ವಕ್ಕೆ ಸಲ್ಲಿಸಬಹುದೆಂದು 1965ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಸೂಚಿಸಿದರು. ಇಂಥ ಗಣವೇ ಅಸ್ಪಷ್ಟ ಗಣ, ಅಥವಾ ಫಜ್ಜಿ ಗಣ.

ಮಗುವಿಗೆ ಇದನ್ನು ಹೀಗೆ ತಿಳಿಸಬಹುದು. ಹತ್ತು ಗೇಣು ಉದ್ದದ ಹಗ್ಗವನ್ನು ಅಂಗಳದಲ್ಲಿ ಹಾಸಿರಿ. ಎಡತುದಿಯಲ್ಲಿ ದನದ ಗೊರಸಿನ ಗುರುತಿನಲ್ಲಿ ನಿಂತ ನೀರು. ಅದು ಖಂಡಿತ ಕೆರೆಯಲ್ಲ. ಬಲತುದಿಯಲ್ಲಿ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ. ಅದು ಖಂಡಿತ ಕೆರೆ. ತನಗೆ ಗೊತ್ತಿರುವ ಕುಂಟೆಗಾಗಿ ಮಗು ನಡುವೆ ಎಲ್ಲಾದರೂ ಒಂದು ಕಲ್ಲನ್ನಿಡಲಿ. ಎಡದಿಂದ ಮೂರು ಗೇಣಿನಲ್ಲಿಟ್ಟರೆ ಅದರ ‘ಕೆರೆತನ’ 0.3, ‘ಕೆರೆಯಲ್ಲದಿರುವಿಕೆ’ 1 – 0.3 = 0.7. ಒಂದೊಂದು ಮಂಕರಿ ಮಣ್ಣು ತೆಗೆದಾಗಲೂ ಕಲ್ಲು ಎಳ್ಳಿನಷ್ಟು ಬಲಕ್ಕೆ ಸರಿಯುತ್ತದೆ. ಯಾವ ಒಂದು ಮಂಕರಿಯೂ ಕುಂಟೆಯನ್ನು ಕೆರೆಯಾಗಿಸಲಿಲ್ಲ. ಎಲ್ಲವೂ ಕೂಡಿ ಆಗಿಸಿದವು. ಒಗಟು ಬಿಡುವುದು ಇಲ್ಲಿ.

ಇನ್ನೊಂದು ಮಗು ಕಲ್ಲನ್ನು ನಾಲ್ಕು ಗೇಣಿನಲ್ಲಿಟ್ಟರೆ ಅದೇನೂ ತಪ್ಪಲ್ಲ. ಎಲ್ಲಿಡಬೇಕೆಂಬುದು ಒಪ್ಪಂದದ ಮಾತು. ಇಟ್ಟ ಮೇಲಿನ ಲೆಕ್ಕ ಮಾತ್ರ ಖಚಿತ. ಹಾಗೆಂದು ಗಣಿತದಲ್ಲಿ ಎಲ್ಲವೂ ಅಸ್ಪಷ್ಟವೆಂದು ಮಗು ತಿಳಿಯಬಾರದು. 7 ಬೆಸಸಂಖ್ಯೆಯೆ ಎಂಬುದಕ್ಕೆ ಹಗ್ಗ ಬೇಕಿಲ್ಲ. ಇದನ್ನು ಸಂಭವನೀಯತೆಯೊಡನೆ ಬೆರೆಸುವುದೂ ಸಲ್ಲದು. ನಾಳೆ ಮಳೆ ಬರುವ ಸಂಭವ 0.3 ಎಂದರೆ, ನಾಳೆ ಕಳೆದೊಡನೆ ಸಂದೇಹವೂ ಕಳೆಯುತ್ತದೆ. ಕುಂಟೆಯಾದರೋ ಕಣ್ಣೆದುರಿಗೇ ಇದೆ. ಅಳತೆಯನ್ನೆಲ್ಲ ಬರೆದುಕೊಂಡರೂ 0.3 ಅಳಿಸಿಹೋಗದು.

ಈ ವಿಚಾರ ಕೇವಲ ಬೌದ್ಧಿಕ ವಿನೋದವಲ್ಲ. ಜಪಾನಿನ ಸೆಂಡಾಯ್ ನಗರದಲ್ಲಿ 1987ರಲ್ಲಿ ಆರಂಭವಾದ ಸುರಂಗ ರೈಲುಗಳನ್ನು ನಯವಾಗಿ ಓಡಿಸಿ ನಿಲ್ಲಿಸಲು ಫಜ್ಜಿ ತರ್ಕವನ್ನು ಬಳಸಲಾಯಿತು. ‘ಸ್ವಲ್ಪ ವೇಗ’, ‘ಹೆಚ್ಚು ವೇಗ’ ಎಂಬ ಮಾತುಗಳೇ ಅಲ್ಲಿ ಲೆಕ್ಕಕ್ಕೆ ಒಳಗಾದುವು.

ಆಡಳಿತಕ್ಕಾದರೋ ಗೆರೆ ಬೇಕು. ಕರ್ನಾಟಕದಲ್ಲಿ ಸಾಮಾನ್ಯವಾಗಿ ಅಚ್ಚುಕಟ್ಟು 40 ಹೆಕ್ಟೇರಿನವರೆಗಿರುವ ಕೆರೆಗಳು ಪಂಚಾಯತಿಗಳಿಗೆ ಸೇರುತ್ತವೆ. ಅದನ್ನು ಮೀರಿದವು, 2000 ಹೆಕ್ಟೇರಿನವರೆಗೆ, ಸಣ್ಣ ನೀರಾವರಿ ಇಲಾಖೆಗೆ ಸೇರುತ್ತವೆ. ಹೂಳೆತ್ತುವ ಹೊಣೆ ಯಾರದೆಂದು ತಿಳಿಯಲು ಇಂಥ ಗೆರೆ ಅವಶ್ಯಕ. ಆದರೆ ಗೆರೆಯನ್ನು ಎಳೆದವರು ನಾವು. 39ಕ್ಕೂ 41ಕ್ಕೂ ನಡುವೆ ನೀರು ತನ್ನ ಗುಣವನ್ನು ಬದಲಿಸಿಕೊಳ್ಳುವುದಿಲ್ಲ. ಇಷ್ಟನ್ನು ಮಗು ಅರಿತರೆ ಅದರ ಪ್ರಶ್ನೆಗೆ ತಕ್ಕ ಉತ್ತರ ದೊರೆತಂತೆಯೇ ಸರಿ.