ಡಬ್ಬದ ಮೇಲಣ ವಾಟ್, ಚೀಟಿಯೊಳಗಣ ವಾಟ್

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಕೊಂಡು ಸ್ವಹಸ್ತದಿಂದಲೇ ಗೇಮಿಂಗ್ ಕಂಪ್ಯೂಟರನ್ನು ಜೋಡಿಸಿಕೊಳ್ಳುವ ತರುಣರು, ಗ್ರಾಫಿಕ್ಸ್ ಕಾರ್ಡನ್ನು ಆರಿಸುವಾಗ ತೋರುವ ವಿಚಕ್ಷಣೆಯಲ್ಲಿ ಹತ್ತರಲ್ಲೊಂದು ಪಾಲನ್ನಾದರೂ, ಆ ಕಾರ್ಡಿಗೆ ವಿದ್ಯುತ್ತನ್ನು ಒದಗಿಸತಕ್ಕ ಎಸ್‌ಎಂಪಿಎಸ್‌ನ ವಿಷಯದಲ್ಲಿ ತೋರುವುದು ಅಪೂರ್ವ. ಪಟ್ಟಿಯ ತುದಿಗೆ ಬರುವ ಹೊತ್ತಿಗೆ ಉಳಿದ ಹಣಕ್ಕೆ ಯಾವುದು ಸಿಕ್ಕುವುದೋ ಅದು. ಇಲ್ಲವೇ, ಅನುಕೂಲಸ್ಥರಾದರೆ, ಕಪಾಟಿನಲ್ಲಿರುವುದರಲ್ಲೆಲ್ಲ ದೊಡ್ಡ ಅಂಕಿ ಯಾವುದೋ ಅದು. ಎರಡರಲ್ಲಿಯೂ ಲೆಕ್ಕಾಚಾರಕ್ಕೆ ಎಡೆಯೇ ಇಲ್ಲ.

ಲೆಕ್ಕವಾದರೂ ಅಷ್ಟೇನೂ ಕಷ್ಟದ್ದಲ್ಲ. ಮಧ್ಯಮ ತರಗತಿಯ ಒಂದು ಯಂತ್ರವನ್ನೇ ತೆಗೆದುಕೊಳ್ಳೋಣ: ಎನ್ವಿಡಿಯಾದ ಆರ್‌ಟಿಎಕ್ಸ್ 4070 ಕಾರ್ಡಿಗೆ 200 ವಾಟ್, ಡಬ್ಬದ ಮೇಲೆ 65 ವಾಟ್ ಎಂದಿದ್ದರೂ ಪೂರ್ಣ ಶ್ರಮದಲ್ಲಿ 88ರವರೆಗೂ ಎಳೆಯಬಲ್ಲ ರೈಜನ್ 5 7600 ಪ್ರೊಸೆಸರಿಗೆ ಅಷ್ಟು, ಮದರ್‌ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆಲ್ಲ ಸೇರಿ ಇನ್ನೊಂದು ಅರವತ್ತು. ಒಟ್ಟು 350 ವಾಟಿನ ಸುತ್ತುಮುತ್ತು. ಹೀಗಿದ್ದೂ ಕಾರ್ಡನ್ನು ತಯಾರಿಸಿದವರೇ 650 ವಾಟಿನ ಎಸ್‌ಎಂಪಿಎಸ್ ಬೇಕೆಂದು ಹೇಳುವುದನ್ನು ಕಂಡು, ಇದು ವ್ಯಾಪಾರದ ಮಾತೆಂದು ಶಂಕಿಸುವವರುಂಟು. ಆ ಶಂಕೆ ಪೂರ್ತಿ ನಿರಾಧಾರವಲ್ಲ. ಆದರೆ ಪೂರ್ತಿ ನ್ಯಾಯವೂ ಅಲ್ಲ.

ಮೊದಲನೆಯ ಕಾರಣ, ಚೀಟಿಯ ಸತ್ಯಾಸತ್ಯ. ಎಸ್‌ಎಂಪಿಎಸ್‌ನ ಮಗ್ಗುಲಿಗೆ ಅಂಟಿಸಿರುವ ಕೋಷ್ಟಕದಲ್ಲಿ 3.3, 5 ಮತ್ತು 12 ವೋಲ್ಟುಗಳ ಮನೆಗಳು ಬೇರೆ ಬೇರೆಯಾಗಿರುತ್ತವೆ. ಇಂಟೆಲ್ ಸಂಸ್ಥೆಯು 1995ರಲ್ಲಿ ಎಟಿಎಕ್ಸ್ ಮಾನದಂಡವನ್ನು ರೂಪಿಸಿದಾಗ ಚಿಕ್ಕ ವೋಲ್ಟುಗಳಿಗೇ ಪ್ರಾಶಸ್ತ್ಯವಿದ್ದಿತು. ಈಗಲಾದರೋ ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ತಮ್ಮ ಆಹಾರವನ್ನು ಬಹುತೇಕ 12 ವೋಲ್ಟಿನಿಂದಲೇ ಪಡೆಯುತ್ತವೆ. ಆದುದರಿಂದ ಓದತಕ್ಕದ್ದು ಆ ಒಂದು ಮನೆಯನ್ನು. ಅಲ್ಲಿ 54 ಆಂಪಿಯರ್ ಎಂದಿದ್ದರೆ, ಹನ್ನೆರಡರಿಂದ ಗುಣಿಸಲು 648 ವಾಟ್ ಬರುತ್ತದೆ. 650 ಎಂಬ ಹೆಸರು ಸಾರ್ಥಕ. ಡಬ್ಬದ ಮೇಲೆ 450 ಎಂದು ದಪ್ಪಕ್ಷರದಲ್ಲಿ ಮೆರೆಯುವ ಅಗ್ಗದ ಮಾಲಿನಲ್ಲಿ ಅದೇ ಮನೆಯೊಳಗೆ 18 ಆಂಪಿಯರ್ ಎಂದಿದ್ದರೆ, ಕೈಗೆ ಬರುವುದು 216 ವಾಟ್ ಮಾತ್ರ. ಮಿಕ್ಕದ್ದು ಈ ಯಂತ್ರ ಮುಟ್ಟದ ಸಾಲುಗಳಲ್ಲಿ ಹಂಚಿಹೋಗಿರುವ, ಮದುವೆಯ ಮನೆಯಲ್ಲಿ ಎಣಿಸಿ ತೋರಿಸುವ ಬಾಡಿಗೆ ಪಾತ್ರೆಗಳಂತಹ ಲೆಕ್ಕ. ಯಾರ ಎಸ್‌ಎಂಪಿಎಸ್ ಎಂತಹುದೋ ಅರಿಯದ ಕಾರ್ಡು ತಯಾರಕರು ಅಂಕಿಯನ್ನು ಹಿಗ್ಗಿಸಿ ಹೇಳುವುದಕ್ಕೆ ಇದೂ ಒಂದು ನಿಮಿತ್ತ.

ಎರಡನೆಯದು ಕ್ಷಣಿಕವಾದ ಏರಿಕೆ. ಆಟದೊಳಗೆ ದೃಶ್ಯವು ಹಠಾತ್ತನೆ ಬದಲಾದಾಗ, ಮಿಲಿಸೆಕೆಂಡಿನ ಲೆಕ್ಕದಲ್ಲಿ ಅಳೆಯಬೇಕಾದಷ್ಟು ಅಲ್ಪಕಾಲ, ಗ್ರಾಫಿಕ್ಸ್ ಕಾರ್ಡು ತನ್ನ ನಿಗದಿಯನ್ನು ಬಹಳವಾಗಿ ಮೀರಿ ವಿದ್ಯುತ್ತನ್ನು ಸೆಳೆಯಬಹುದು. ಸರಾಸರಿ ತೋರಿಸುವ ತಂತ್ರಾಂಶಕ್ಕೆ ಅದು ಕಾಣುವುದೇ ಇಲ್ಲ. ಎಸ್‌ಎಂಪಿಎಸ್‌ನೊಳಗಿನ ರಕ್ಷಣಾ ಮಂಡಲವು ಅದನ್ನು ಅಪಾಯವೆಂದು ಭಾವಿಸಿ ಸಕಲವನ್ನೂ ಆರಿಸಿಬಿಡುತ್ತದೆ. ಪರದೆ ಕಪ್ಪಾದೊಡನೆ ಯಜಮಾನನು ಕಾರ್ಡನ್ನೋ ವಿಂಡೋಸನ್ನೋ ಶಪಿಸುತ್ತಾನೆ. 2022ರಲ್ಲಿ ಹೊರಬಂದ ಎಟಿಎಕ್ಸ್ 3.0 ಮಾನದಂಡವು, ಹದಿನಾರು ಪಿನ್ನಿನ ಹೊಸ ಕನೆಕ್ಟರ್ ಉಳ್ಳ 450 ವಾಟಿಗೆ ಮೇಲ್ಪಟ್ಟ ಎಸ್‌ಎಂಪಿಎಸ್‌ಗಳು, ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಕಾಲ ತಮ್ಮ ಶಕ್ತಿಯ ಎರಡರಷ್ಟನ್ನು ತಾಳಿಕೊಳ್ಳಬೇಕೆಂದು ವಿಧಿಸಿದ್ದು ಈ ಕಾರಣದಿಂದಲೇ. ಆ ಕನೆಕ್ಟರನ್ನು ಸಂಪೂರ್ಣವಾಗಿ ಒತ್ತಿ ಕೂರಿಸದಿದ್ದರೆ ಕರಗೀತೆಂಬುದನ್ನೂ ಅದೇ ವರ್ಷ ಲೋಕ ಕಂಡಿತು.

ಹಾಗಾದರೆ ಮೇಲಿನ ಯಂತ್ರಕ್ಕೆ ಪ್ರಾಮಾಣಿಕವಾದ 650 ವಾಟ್ ಸಾಕು. ಸಾವಿರ ವಾಟನ್ನು ಕೊಳ್ಳುವುದು ಆಡಂಬರ. ಹೆಚ್ಚಿನ ವಾಟುಳ್ಳದ್ದು ಕರೆಂಟಿನ ಬಿಲ್ಲನ್ನು ಏರಿಸುತ್ತದೆಂಬ ಭಯ ಮಾತ್ರ ತಪ್ಪು, ಯಂತ್ರ ಬೇಡಿದಷ್ಟನ್ನೇ ಅದು ಕೊಡುತ್ತದೆ. ಮಿಗುವ ಹಣವನ್ನು ಒಳ್ಳೆಯ ತಯಾರಿಕೆಗೆ, ದೀರ್ಘವಾದ ವಾರಂಟಿಗೆ ವಿನಿಯೋಗಿಸುವುದು ಮೇಲು. 2004ರಲ್ಲಿ ಪ್ರಾರಂಭವಾದ 80 ಪ್ಲಸ್ ಪ್ರಮಾಣಪತ್ರದ ಬ್ರಾಂಜ್, ಗೋಲ್ಡ್ ಮುದ್ರೆಗಳನ್ನೇ ಸರ್ವಸ್ವವೆಂದು ತಿಳಿಯುವುದು ಬೇಡ. ಅವು ಸಾರುವುದು ಎಷ್ಟು ವಿದ್ಯುತ್ತು ಶಾಖವಾಗಿ ಪೋಲಾಗುವುದಿಲ್ಲವೆಂಬುದನ್ನು, ರಕ್ಷಣಾ ಮಂಡಲಗಳ ಯೋಗ್ಯತೆಯನ್ನಲ್ಲ. ಆ ಪರೀಕ್ಷೆಯೂ 23 ಡಿಗ್ರಿಯ ಕೋಣೆಯಲ್ಲಿ ನಡೆಯುವಂತಹುದು. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ, ಧೂಳು ಕಟ್ಟಿದ ಕ್ಯಾಬಿನೆಟ್ಟಿನೊಳಗೆ ಅಲ್ಲ. ಬಿಸಿಲ ನಾಡಿನವರು ಒಳಗಿನ ಕೆಪಾಸಿಟರುಗಳು 105 ಡಿಗ್ರಿಯವೋ 85ರವೋ ಎಂದು ವಿಚಾರಿಸುವುದು ಹೆಚ್ಚು ಪ್ರಯೋಜನಕರ.

ಕರೆಂಟು ಹೋಗಿಬರುವ ಊರುಗಳಲ್ಲಿ ಯುಪಿಎಸ್‌ನ ಮಾತೂ ಇದರೊಡನೆ ಬರುತ್ತದೆ. 600 ವಿಎ ಎಂದು ಬರೆದಿರುವ ಸಾಮಾನ್ಯ ಯುಪಿಎಸ್ ಕೊಡಬಲ್ಲುದು 360 ವಾಟಿನ ಆಸುಪಾಸು, ನಮ್ಮ ಯಂತ್ರವು ಒಳಗೆ 350 ಬಳಸುವಾಗ, ಎಸ್‌ಎಂಪಿಎಸ್‌ನಲ್ಲಿ ಆಗುವ ನಷ್ಟ ಸೇರಿ, ಪ್ಲಗ್ಗಿನಿಂದ 390ರಷ್ಟನ್ನು ಎಳೆಯುತ್ತದೆ, ಮಾನಿಟರಿನದು ಬೇರೆ. ಆಟದ ನಡುವೆ ಕರೆಂಟು ಹೋದೊಡನೆ ಯುಪಿಎಸ್ಸೂ ಕೀರಲಿಟ್ಟು ನಿಂತುಹೋಗುವುದು ಇದರ ಫಲ. ಸಾವಿರ ವಿಎಗೆ ಕಡಿಮೆಯಾದದ್ದನ್ನು ಇಂತಹ ಯಂತ್ರಕ್ಕೆ ಜೋಡಿಸಬಾರದು. ಮೂರನೆಯ ಪಿನ್ನಿಗೆ ನಿಜವಾದ ಅರ್ತಿಂಗ್ ಇದೆಯೇ ಎಂಬುದನ್ನು ಎಲೆಕ್ಟ್ರಿಷಿಯನ್‌ನಿಂದ ನೋಡಿಸುವುದೂ ಈ ಖರ್ಚಿನೊಳಗೇ ಸೇರಬೇಕು.

ಇನ್ನು ಬಿಚ್ಚಿ ಜೋಡಿಸಬಹುದಾದ ತಂತಿಗಳುಳ್ಳ ಮಾಡ್ಯುಲರ್ ಎಸ್‌ಎಂಪಿಎಸ್ ಕೊಂಡವರು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವಾಗ, ಒಳಗೆ ಅಚ್ಚುಕಟ್ಟಾಗಿ ಕಟ್ಟಿದ್ದೇನೆಂಬ ಆಸೆಯಿಂದ ಹಳೆಯ ತಂತಿಗಳನ್ನೇ ಉಳಿಸಿಕೊಳ್ಳಬಾರದು. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮಕ್ಕೆ ಸರ್ವಸಮ್ಮತವಾದ ಮಾನದಂಡವಿಲ್ಲ. ತುದಿ ಸಲೀಸಾಗಿ ಕೂತರೂ 5 ವೋಲ್ಟ್ ಇರಬೇಕಾದಲ್ಲಿ 12 ಹರಿದು, ಹಾರ್ಡ್ ಡಿಸ್ಕು ಒಂದೇ ಕ್ಷಣದಲ್ಲಿ ಸುಟ್ಟುಹೋಗುವುದುಂಟು.