ವಿದ್ಯಾರ್ಥಿಯ ವೇಳೆಯೂ ಬಡ್ಡಿಯ ಲೆಕ್ಕವೂ

೧೪೭೨ರಲ್ಲಿ ಬೀದರಿನ ಮದರಸವನ್ನು ಕಟ್ಟಿಸಿದ ಮಹಮೂದ್ ಗವಾನನು ವರ್ತಕನಾಗಿ ಬಂದು ಮಂತ್ರಿಯಾದವನು. ಭೂಮಿಯನ್ನಳೆಯಿಸಿ ಕಂದಾಯವನ್ನು ಗೊತ್ತುಪಡಿಸಿದವನು. ವಿದ್ಯೆಯೂ ಲೆಕ್ಕವೂ ಜೊತೆಯಾಗಿರತಕ್ಕವೆಂಬುದಕ್ಕೆ ಇದು ನಿದರ್ಶನವು. ಆದರೂ ಭಾಲ್ಕಿ, ಔರಾದ ಪ್ರಾಂತದಲ್ಲಿ ಮಗನು ಬೀಜಗಣಿತವನ್ನೋದುತ್ತಿರಲು, ತಂದೆಯು ಬಿತ್ತನೆಗೆ ತಂದ ಸಾಲದ ಬಡ್ಡಿಯನ್ನು ಮನೆಯಲ್ಲಿ ಯಾರೂ ಎಣಿಸದಿರುವುದುಂಟು.

ತಿಂಗಳಿಗೆ ನೂರಕ್ಕೆ ೩ ರೂಪಾಯಿ ಎಂದರೆ ಅಲ್ಪವಾಗಿ ತೋರುವುದು. ೧೦,೦೦೦ ರೂಪಾಯಿಗೆ ಅದು ವರ್ಷಕ್ಕೆ ೩,೬೦೦. ಮೂರು ವರ್ಷ ತಡೆದರೆ ಬಡ್ಡಿಯೇ ಅಸಲನ್ನು ಮೀರುವುದು.

ಆದುದರಿಂದ ಗೃಹಸ್ಥರೇ, ಬೆಳಗಿನ ಒಂದು ಗಂಟೆ ಕಠಿನವಾದ ಪಾಠಕ್ಕಿರಲಿ; ಸಂಜೆಯ ಒಂದು ಗಂಟೆ, ಓದಿದುದನ್ನು ಪುಸ್ತಕ ನೋಡದೆ ಬರೆಯುವುದಕ್ಕಿರಲಿ; ಮಲಗುವ ಮುನ್ನ ಕಾಲು ಗಂಟೆ ಮನೆಯ ಜಮಾಖರ್ಚನ್ನು ಮಕ್ಕಳಿಂದಲೇ ಬರೆಯಿಸಿರಿ. ಸಾಲಪತ್ರಕ್ಕೆ ರುಜು ಹಾಕುವ ಮೊದಲು ಮಗಳು ಅದನ್ನೋದಿ ಬಡ್ಡಿಯ ಮೊತ್ತವನ್ನು ಹೇಳಬಲ್ಲಳಾದರೆ, ಆ ಕಾಲು ಗಂಟೆಯು ಸಾರ್ಥಕವು.