ಖಾಲಿ ಚರ್ಚಿನ ಸದ್ದನ್ನು ಹಿಡಿಯೋಣ ಬನ್ನಿ



ಮಡಿಕೇರಿಯಿಂದ ಸಿದ್ದಾಪುರಕ್ಕೆ ಹೋಗುವ ದಾರಿಯಲ್ಲಿ ಚೆಟ್ಟಳ್ಳಿ ಸಿಗುತ್ತದೆ. ಅಲ್ಲಿನ ಒಂದು ಕಾಫಿ ತೋಟದ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತಿದ್ದೀರಿ ಎಂದುಕೊಳ್ಳಿ. ಏನೇನು ಕೇಳಿಸುತ್ತದೆ? ಜೀರುಂಡೆಯ ಕೂಗು, ಕುಟುರ ಹಕ್ಕಿಯ ದನಿ, ದೂರದಲ್ಲಿ ಏರು ಹತ್ತುವ ಜೀಪು. ಈಗ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ‘ಟಪ್’ ಎಂದು ಕೇಳಿಸಿ ಅಲ್ಲಿಗೇ ಮುಗಿಯುತ್ತದೆ.

ಅದೇ ಚಪ್ಪಾಳೆಯನ್ನು ದಪ್ಪ ಗೋಡೆಯ, ಎತ್ತರದ ಛಾವಣಿಯ ಹಳೆಯ ಚರ್ಚಿನೊಳಗೆ, ಯಾರೂ ಇಲ್ಲದಾಗ ತಟ್ಟಿದರೆ? ಕೈಗಳು ಸುಮ್ಮನಾದ ಮೇಲೂ ಸದ್ದು ಉಳಿದಿರುತ್ತದೆ. ಮೆಲ್ಲಮೆಲ್ಲನೆ ಕರಗುತ್ತದೆ. ಇದಕ್ಕೆ ಕಾರಣವೇನು?

ಗೋಡೆಯಿಂದ ಗೋಡೆಗೆ

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಚರ್ಚಿನ ಉದ್ದ 17 ಮೀಟರ್ ಇದ್ದರೆ, ಒಂದೇ ಸೆಕೆಂಡಿನಲ್ಲಿ ಶಬ್ದ ಅದನ್ನು 20 ಸಲ ದಾಟಬಲ್ಲದು! ಗಟ್ಟಿಯಾದ, ನುಣುಪಾದ ಗಾರೆಯ ಗೋಡೆ ಪ್ರತಿ ಸಲವೂ ಶಬ್ದದ ಅಲ್ಪ ಭಾಗವನ್ನಷ್ಟೇ ಹೀರಿಕೊಂಡು ಉಳಿದುದನ್ನು ಹಿಂದಕ್ಕೆ ಕಳುಹಿಸುತ್ತದೆ. ಹೀಗೆ ಮರಳಿದ ನೂರಾರು ಅಲೆಗಳು ಒಂದರ ಮೇಲೊಂದು ಬೆರೆತು ಉದ್ದನೆಯ ಗುಂಯ್‌ಗುಡುವಿಕೆ ಉಂಟಾಗುತ್ತದೆ. ಇದಕ್ಕೆ ‘ಅನುರಣನ’ ಎಂದು ಹೆಸರು. ಮರಳಿದ ಶಬ್ದ ಬೇರೆಯಾಗಿ ಸ್ಪಷ್ಟವಾಗಿ ಕೇಳಿಸಿದರೆ ಅದು ಪ್ರತಿಧ್ವನಿ. ಬೆರೆತು ಮುಂದುವರಿದರೆ ಅನುರಣನ.

ತೋಟದಲ್ಲಿ ಹಾಗಾಗುವುದಿಲ್ಲ. ಮೇಲೆ ಆಕಾಶ ತೆರೆದಿದೆ. ಎಲೆಗಳು ಶಬ್ದವನ್ನು ಚದುರಿಸುತ್ತವೆ, ಮೆತ್ತನೆಯ ನೆಲ ಅದನ್ನು ಹೀರಿಕೊಳ್ಳುತ್ತದೆ.

ಭಾನುವಾರ ಚರ್ಚು ತುಂಬ ಜನ ಸೇರಿದಾಗ ಅನುರಣನ ಕಡಿಮೆಯಾಗುತ್ತದೆ. ಜನರ ಬಟ್ಟೆ, ಮೈ ಶಬ್ದವನ್ನು ಹೀರಿಕೊಳ್ಳುತ್ತವೆ. ಇದನ್ನು ಮೊದಲು ಅಳೆದು ತೋರಿಸಿದವನು ಅಮೆರಿಕದ ವ್ಯಾಲೇಸ್ ಸ್ಯಾಬಿನ್. 1895ರಲ್ಲಿ ಅವನಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೊಠಡಿಯನ್ನು ಸರಿಪಡಿಸುವ ಕೆಲಸ ಬಂತು. ಅಲ್ಲಿ ಮಾತು ಸುಮಾರು 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಉಳಿದು ಪದಗಳೆಲ್ಲ ಕಲಸಿಹೋಗುತ್ತಿದ್ದವು. ಅವನು ರಾತ್ರಿ ಹೊತ್ತು ಇನ್ನೊಂದು ಸಭಾಂಗಣದ ಆಸನದ ದಿಂಬುಗಳನ್ನು ತಂದು ಜೋಡಿಸಿ, ಆರ್ಗನ್ ಕೊಳವೆ ನುಡಿಸಿ, ಸದ್ದು ಅಡಗುವ ಹೊತ್ತನ್ನು ಗಡಿಯಾರದಲ್ಲಿ ಅಳೆದ. ದಿಂಬು ಹೆಚ್ಚಿದಂತೆ ಸದ್ದು ಬೇಗ ಅಡಗಿತು.

ಕಟ್ಟಡ ಉಳಿದರೆ ಸಾಕೇ?

ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಸ್ಥಾಪನೆಯಾದದ್ದು 1792ರಲ್ಲಿ. ಎಡಿಸನ್ ಫೋನೋಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ಅಂದರೆ ಮೊದಲ 85 ವರ್ಷಗಳಲ್ಲಿ ಅಲ್ಲಿ ಮೊಳಗಿದ ಗಂಟೆಯನ್ನಾಗಲಿ ಪ್ರಾರ್ಥನೆಯನ್ನಾಗಲಿ ಹಿಡಿದಿಟ್ಟು ಮತ್ತೆ ಕೇಳಿಸುವ ಸಾಧನವೇ ಜಗತ್ತಿನಲ್ಲಿ ಇರಲಿಲ್ಲ. ಮಡಿಕೇರಿ ಕೋಟೆಯೊಳಗೆ ಬ್ರಿಟಿಷರ ಕಾಲದ ಸಂತ ಮಾರ್ಕರ ಚರ್ಚ್ ಇದೆ. ಅದು ಮುಂದೆ ವಸ್ತುಸಂಗ್ರಹಾಲಯವಾಯಿತು. ಗೋಡೆಗಳು ಇನ್ನೂ ನಿಂತಿವೆ. ಅಂದಿನ ಪ್ರಾರ್ಥನೆಯ ದನಿ ಮಾತ್ರ ಕೇಳಸಿಗದು.

ಸದ್ದನ್ನು ಹಿಡಿದಿಟ್ಟರೆ ಏನು ಲಾಭ? ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಕಥೆ ಕೇಳಿ. 2013ರಲ್ಲಿ ಸಂಶೋಧಕರು ಅದರೊಳಗೆ ಶಬ್ದ ಹೇಗೆ ಹರಡುತ್ತದೆ ಎಂದು ಅಳೆದು ದಾಖಲಿಸಿಕೊಂಡಿದ್ದರು. 2019ರ ಏಪ್ರಿಲ್ 15ರಂದು ಅಲ್ಲಿ ಬೆಂಕಿ ಬಿತ್ತು. ಮರದ ಮಾಡು ಸುಟ್ಟುಹೋಯಿತು, ಕಲ್ಲಿನ ಕಮಾನು ಛಾವಣಿಯ ಕೆಲವು ಭಾಗಗಳು ಕುಸಿದವು. ಕಟ್ಟಡದ ನಕ್ಷೆ, ಚಿತ್ರಗಳು ಇದ್ದವು. ಅವುಗಳ ಜೊತೆಗೆ ಅದರ ‘ದನಿ’ಯ ಲೆಕ್ಕವೂ ಇತ್ತು! ಬೆಂಕಿಯ ನಂತರ ಮತ್ತೆ ಅಳೆದಾಗ ಹಳೆಯ ಲೆಕ್ಕದೊಡನೆ ಹೋಲಿಸಿ ಏನು ಬದಲಾಗಿದೆ ಎಂದು ತಿಳಿಯಲು ಸಾಧ್ಯವಾಯಿತು. 2024ರ ಡಿಸೆಂಬರಿನಲ್ಲಿ ಆ ಚರ್ಚು ಮತ್ತೆ ತೆರೆಯಿತು.

ನಮ್ಮಲ್ಲಿ ಬೆಂಕಿಯೇ ಬೀಳಬೇಕೆಂದಿಲ್ಲ. ಹೆಂಚು ತೆಗೆದು ಶೀಟು ಹೊದಿಸಿದರೆ ಆಷಾಢದ ಮಳೆಯ ಸದ್ದೇ ಬೇರೆಯಾಗುತ್ತದೆ. ನೆಲಕ್ಕೆ ಜಮಖಾನೆ ಹಾಸಿದರೆ ಅನುರಣನ ತಗ್ಗುತ್ತದೆ. ದುರಸ್ತಿ ಬೇಕೇ ಬೇಕು, ಇಲ್ಲವಾದರೆ ಕಟ್ಟಡವೇ ಉಳಿಯದು. ಆದರೆ ಅದಕ್ಕೆ ಮುಂಚೆ ಒಂದು ದಾಖಲೆ ಮಾಡಿಡಬಹುದಲ್ಲವೇ?

ನೀವೇ ಮಾಡಿ ನೋಡಿ

ಬೇಕಾಗುವುದು: ಹಿರಿಯರ ಮೊಬೈಲ್ ಫೋನು, ಒಂದು ಮಡಿಚಿದ ಟವೆಲ್, ನೋಟ್‌ಬುಕ್.

1. ಶಿಕ್ಷಕರ ಜೊತೆ ಹೋಗಿ ಚರ್ಚಿನ ಫಾದರ್ ಅವರ ಅನುಮತಿ ಕೇಳಿ. ಪ್ರಾರ್ಥನೆ ಇಲ್ಲದ ಹೊತ್ತನ್ನು ಆರಿಸಿಕೊಳ್ಳಿ.

2. ಫೋನಿಗೆ ಕರೆ ಬಾರದಂತೆ ಮಾಡಿ. ಅದನ್ನು ಕೈಯಲ್ಲಿ ಹಿಡಿಯಬೇಡಿ. ಬೆರಳು ಉಜ್ಜಿದ ಸದ್ದೂ ದಾಖಲಾಗುತ್ತದೆ. ಬೆಂಚಿನ ಮೇಲೆ ಟವೆಲ್ ಇಟ್ಟು ಅದರ ಮೇಲಿಡಿ.

3. ರೆಕಾರ್ಡಿಂಗ್ ಶುರು ಮಾಡಿ ಊರು, ದಿನಾಂಕ, ಸಮಯ ಹೇಳಿ. ನಂತರ 3 ನಿಮಿಷ ಎಲ್ಲರೂ ಅಲುಗಾಡದೆ ಕುಳಿತಿರಿ. ಕೊನೆಯಲ್ಲಿ ಒಂದೇ ಒಂದು ಚಪ್ಪಾಳೆ ತಟ್ಟಿ.

4. ಬಾಗಿಲು ತೆರೆದು ಮತ್ತೊಮ್ಮೆ, ಹೆಚ್ಚು ಜನರನ್ನು ಕೂರಿಸಿ ಇನ್ನೊಮ್ಮೆ ಮಾಡಿ.

ಫೋನಿನ ಮೈಕ್‌ನಲ್ಲಿ ತೆಳುವಾದ ಪೊರೆಯೊಂದಿದೆ. ಶಬ್ದ ತಾಗಿದಾಗ ಅದು ಕಂಪಿಸುತ್ತದೆ. ಆ ಕಂಪನ ವಿದ್ಯುತ್ ಸಂಕೇತವಾಗಿ, ಸೆಕೆಂಡಿಗೆ ಸಾವಿರಾರು ಸಲ ಅಳೆಯಲ್ಪಟ್ಟು ಅಂಕಿಗಳಾಗುತ್ತದೆ. ಕೆಲವು ಫೋನುಗಳು ಸಣ್ಣ ಸದ್ದನ್ನು ತಾವೇ ದೊಡ್ಡದು ಮಾಡುತ್ತವೆ. ಆದ್ದರಿಂದ ಹೋಲಿಸುವಾಗ ಪ್ರತಿ ಸಲವೂ ಅದೇ ಫೋನು, ಅದೇ ಜಾಗ ಇರಲಿ.

ಈಗ ಕೇಳಿ ನೋಡಿ. ‘ಏನೂ ಸದ್ದಿಲ್ಲ’ ಎಂದುಕೊಂಡಿದ್ದ ಆ 3 ನಿಮಿಷಗಳಲ್ಲಿ ಏನೇನಿದೆ! ಮಾಡಿನ ಮರ ಬಿಸಿಲಿಗೆ ಟಿಕ್ ಎಂದಿರಬಹುದು. ಕಿಟಕಿಯಿಂದ ಹಕ್ಕಿಯ ದನಿ ಬಂದಿರಬಹುದು. ರಸ್ತೆಯ ಲಾರಿಯ ಮೊರೆತ ಬಂದಿದ್ದರೂ ಅದರ ಕೀರಲು ಭಾಗ ಕೇಳಿಸದಿರಬಹುದು. ಏಕೆಂದರೆ ದಪ್ಪ ಗೋಡೆ ಕೀರಲು ದನಿಯನ್ನು ತಡೆಯುವಷ್ಟು ದಪ್ಪ ದನಿಯನ್ನು ತಡೆಯಲಾರದು. ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿ.

ಮಾರ್ಚಿನಲ್ಲಿ ಹೂಮಳೆ ಬಂದು ಕಾಫಿ ಅರಳಿದಾಗ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ ಇದನ್ನೇ ಮಾಡಿ. ಚರ್ಚು ದೂರವೇ? ದೇವಸ್ಥಾನ, ಮಸೀದಿ, ಐನ್‌ಮನೆ, ನಿಮ್ಮ ಶಾಲೆಯ ಹಳೆಯ ಕೊಠಡಿ, ಯಾವುದಾದರೂ ಆಗಬಹುದು. ರೆಕಾರ್ಡಿಂಗನ್ನು ಶಾಲೆಯ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇಡಿ, ಹೆಸರು ಮತ್ತು ದಿನಾಂಕ ಬರೆಯಲು ಮರೆಯಬೇಡಿ. ಮುಂದೊಂದು ದಿನ ಆ ಮಾಡು ಬದಲಾದಾಗ, ಹಳೆಯದರ ಕೆಳಗೆ ಮಳೆ ಹೇಗೆ ಕೇಳಿಸುತ್ತಿತ್ತು ಎಂದು ಯಾರಾದರೂ ಕೇಳಿದರೆ, ಉತ್ತರ ನಿಮ್ಮ ಬಳಿ ಇರುತ್ತದೆ.